ಖಾಡಿಯ ಹಕ್ಕಿ, ಗಲ್ಲಿಯ ಕೋಳಿ

ಹಕ್ಕಿ ಸತ್ತರೆ ಭೀಮಮ್ಮ. ಗಟಾರ ಕಟ್ಟಿಕೊಂಡರೆ ಭೀಮಮ್ಮ. ಲಿಫ್ಟಿನಲ್ಲಿ ಯಾರ ಮನೆಯ ನಾಯಿ ಗಲೀಜು ಮಾಡಿದರೂ ಭೀಮಮ್ಮ. ಠಾಣೆ ಶಹರದ ಕೋಪರಿಯಲ್ಲಿ, ಸಮುದ್ರದ ನೀರು ಒಳಗೆ ನುಗ್ಗಿ ಬರುವ ಖಾಡಿಯ ದಂಡೆಗೆ ನೀಲಪಂಖ್ ಸೊಸೈಟಿ ಎದ್ದು ಹತ್ತು ವರ್ಷವಾಗಿತ್ತು. ಅದರ ಇನ್ನೂರು ಮನೆಗಳ ಹೊಲಸಿಗೆಲ್ಲ ಅವಳದೇ ಎರಡು ಕೈ.

ಜನವರಿಯ ಒಂದು ಬೆಳಿಗ್ಗೆ ಕಸಬರಿಗೆ ಹಿಡಿದು ಡೆಕ್ಕಿಗೆ ಹೋದಾಗ ಅಲ್ಲಿ ಹನ್ನೊಂದು ಬಿಳಿ ಹಕ್ಕಿ ಸತ್ತು ಬಿದ್ದಿದ್ದವು. ಡೆಕ್ ಎಂದರೆ ಖಾಡಿಯ ಮೇಲೆ ಚಾಚಿದ ಮರದ ಹಲಗೆಯ ಕಟ್ಟೆ. ಚಳಿಗಾಲಕ್ಕೆ ದೂರದ ದೇಶಗಳಿಂದ ಸೀಗಲ್ ಹಕ್ಕಿಗಳು ಬರುತ್ತವೆ, ಬಾತುಗಳು ಬರುತ್ತವೆ. ಸೊಸೈಟಿಯವರು ಸಂಜೆ ಅಲ್ಲಿ ನಿಂತು ಗಾಠಿಯಾ ಎಂಬ ಕರಿದ ತಿಂಡಿ ಎಸೆಯುತ್ತಾರೆ. ಹಕ್ಕಿಗಳು ಗಾಳಿಯಲ್ಲೇ ಹಿಡಿದು ತಿನ್ನುತ್ತವೆ, ಇವರು ಫೋಟೊ ತೆಗೆಯುತ್ತಾರೆ. ಸೈಬೀರಿಯಾದ ಅತಿಥಿಗಳು ಎಂದು ಬೋರ್ಡು ಬೇರೆ. ಎಲ್ಲಿಂದ ಬಂದೆ, ಕಾಗದ ತೋರಿಸು ಎಂದು ಹಕ್ಕಿಯನ್ನು ಯಾರೂ ಕೇಳಿದ್ದಿಲ್ಲ. ಸೊಸೈಟಿಯ ಗೋಡೆಯಾಚೆ ಹತ್ತೊಂಬತ್ತು ಜೋಪಡಿಗಳ ಕಲಬುರಗಿ ಗಲ್ಲಿ ಇತ್ತು. ಅಲ್ಲಿಯವರನ್ನು ಮಾತ್ರ ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಿದ್ದರು. ಸೊಸೈಟಿ ಏಳುವ ಮೊದಲು, ಅದರ ಇಟ್ಟಿಗೆ ಹೊರಲು ಬಂದವರ ಗಲ್ಲಿ ಅದು. ಭೀಮಮ್ಮನೂ ಹೊತ್ತಿದ್ದಳು.

ಸೆಕ್ರೆಟರಿ ತಾರಾನಾಥ ರಾಯರು ಚಪ್ಪಲಿ ಸದ್ದು ಮಾಡುತ್ತ ಬಂದರು. ಉಡುಪಿ ಕಡೆಯವರು. ಸ್ಟೇಷನ್ ಹತ್ತಿರ ಶುದ್ಧ ಶಾಕಾಹಾರಿ ಹೋಟೆಲು. ಸೊಸೈಟಿಯಲ್ಲಿ ಎಲ್ಲರ ಜೊತೆ ಮರಾಠಿ, ಹಿಂದಿ. ಭೀಮಮ್ಮನ ಜೊತೆ ಮಾತ್ರ ಕನ್ನಡ, ಅದೂ ಯಾರಿಗೂ ಹೇಳಲಾಗದ ಕೆಲಸವಿದ್ದಾಗ. ಡೆಕ್ಕಿನ ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ.

"ಬೇಗ ತೆಗಿ ಭೀಮಮ್ಮ. ಎರಡನೇ ಟವರಿನ ಬುಕಿಂಗ್ ನಡೀತಾ ಉಂಟು. ಜನ ಬರೋದೇ ಹಕ್ಕಿ ನೋಡ್ಲಿಕ್ಕೆ."

"ಕೈಗೆ ಹಾಕ್ಕೊಳ್ಳಾಕ ಏನರ ಕೊಡ್ರಿ ಸಾಹೇಬ್ರ."

"ಎಂತ ಮಾರಾಯ್ತಿ, ಇಷ್ಟು ವರ್ಷ ಗ್ಲೌಸ್ ಹಾಕಿಯೇ ಕಸ ತೆಗೆದದ್ದಾ ನೀನು? ಗೋಣಿಚೀಲ ಉಂಟಲ್ಲ. ತುಂಬಿಸಿ ಪಂಪ್ ರೂಮಿನ ಹಿಂದೆ ಹುಗಿದುಬಿಡು. ಯಾರ ಹತ್ತಿರವೂ ಹೇಳ್ಬೇಡ. ನೀನು ನಮ್ಮ ಕನ್ನಡದವಳು ಅಂತ ನಿನಗೆ ಹೇಳೋದು."

ಭೀಮಮ್ಮ ತುಂಬಿದಳು. ಸತ್ತು ಬಹಳ ಹೊತ್ತಾಗಿರಲಿಲ್ಲ, ಕೆಲವು ಇನ್ನೂ ಮೆತ್ತಗಿದ್ದವು. ಕೊಕ್ಕಿನಿಂದ ಲೋಳೆ ಇಳಿದಿತ್ತು. ಹಿಂದಿನಿಂದ ಹಸಿರು ಹಿಕ್ಕೆ ಸೋರಿ ಅವಳ ಮೊಣಕೈವರೆಗೆ ಹತ್ತಿತು. ಪಂಪ್ ರೂಮಿನ ಹಿಂದಿನದು ಖಾಡಿಗೆ ಮಣ್ಣು ತುಂಬಿ ಭರಾವು ಹಾಕಿದ ನೆಲ. ಒಂದು ಗೇಣು ತೋಡುವಷ್ಟರಲ್ಲಿ ಸಿಮೆಂಟಿನ ಹೆಂಟೆ, ಅದನ್ನು ಒಡೆದರೆ ಕೆಳಗೆ ಖಾಡಿಯ ಕಪ್ಪು ರಾಡಿ. ಒಂದೊಂದು ಏಟಿಗೂ ಸಲಿಕೆ ತಿರುಗಿ ಸೊಂಟಕ್ಕೆ ಒದೆಯುತ್ತಿತ್ತು. ಎರಡು ತಾಸು ತೋಡಿದಳು. ಹುಗಿದಳು. ಮೇಲೆ ಕಲ್ಲು ಹೇರಿದಳು. ಬಟ್ಟೆ ಒಗೆಯುವ ಪುಡಿಯಲ್ಲಿ ಕೈ ತಿಕ್ಕಿಕೊಂಡಳು.

ಮಧ್ಯಾಹ್ನ ಡೆಕ್ಕಿಗೆ ಬೀಗ ಬಿತ್ತು. ದುರಸ್ತಿ ನಡೆದಿದೆ ಎಂದು ಹಲಗೆ ನೇತು ಹಾಕಿದರು. ಆಡುವ ಮಕ್ಕಳನ್ನು ರಾಯರೇ ನಿಂತು, ಡೆಕ್ ಕಡೆ ಹೋಗಬೇಡಿ, ಪಂಪ್ ರೂಮಿನ ಕಡೆಯೂ ಬೇಡ ಎಂದು ಗದರಿಸಿದರು. ಭೀಮಮ್ಮನಿಗೆ ದಿನವೂ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಸ್ಟೀಲು ಲೋಟದಲ್ಲಿ ಸಿಗುತ್ತಿದ್ದ ಚಹಾ ಅಂದು ಕಾಗದದ ಕಪ್ಪಿನಲ್ಲಿ, ನೆಲದ ಮೇಲೆ ಬಂತು. "ಒಂದು ವಾರ ಲಿಫ್ಟ್ ಬೇಡ, ಮೆಟ್ಟಿಲು ಹತ್ತು," ಎಂದರು ರಾಯರು. ಅವಳು ಹದಿನಾಲ್ಕು ಮಾಳಿಗೆ ಹತ್ತಿದಳು.

ಅವಳಿಗೆ ಇದು ಹೊಸತೆನಿಸಲಿಲ್ಲ. ಜೇವರ್ಗಿಯ ಹೋಟೆಲಿನ ಹೊರಗೆ ಗೂಟಕ್ಕೆ ಸಿಕ್ಕಿಸಿದ ಲೋಟ ತೊಳೆದುಕೊಂಡು ಚಹಾ ಕುಡಿದವನ ಮಗಳು ಅವಳು. ಕಪ್ಪು ನೆಲಕ್ಕೆ ಬಂದರೆ ಅದಕ್ಕೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ. ಯಾರೋ ನನ್ನ ಜಾತಿ ಕೇಳಿಕೊಂಡು ಬಂದು ಹೇಳಿರಬೇಕು ಎಂದುಕೊಂಡಳು. ಬಗ್ಗಿ ಕಪ್ಪು ಎತ್ತಿ ಕುಡಿದಳು. ರಾಯರು ಹೆದರಿದ್ದು ಜಾತಿಗಲ್ಲ, ಹಕ್ಕಿಯ ರೋಗಕ್ಕೆ ಎಂದು ತಿಳಿಯಲು ಅವಳಿಗೆ ಹದಿನೈದು ದಿನ ಹಿಡಿಯಿತು.

ಆ ಸಂಜೆಯೂ ಅವಳು ಎಂದಿನಂತೆ, ಬೆಳಿಗ್ಗೆ ಗುಡಿಸಿಟ್ಟ ಗಾಠಿಯಾ ಮನೆಗೆ ತಂದಳು. ಡೆಕ್ ಗುಡಿಸುವಾಗ ಹಲಗೆಯ ಸಂದಿಯಲ್ಲಿ ಉಳಿದ ಗಾಠಿಯಾ ದಿನವೂ ಒಂದು ಬೊಗಸೆಯಾದರೂ ಸಿಗುತ್ತಿತ್ತು. ಕಡಲೆ ಹಿಟ್ಟಿನದು, ಎಸೆಯಲು ಮನಸ್ಸು ಬಾರದು. ಉಡಿಯಲ್ಲಿ ಕಟ್ಟಿ ತಂದು ಕೋಳಿಗೆ ಚೆಲ್ಲುವುದು ರೂಢಿ. ಹಕ್ಕಿ ಹಿಕ್ಕೆ ಹತ್ತಿದ್ದರೆ ಒಮ್ಮೆ ನೀರಲ್ಲಿ ಅದ್ದಿ ತೆಗೆಯುತ್ತಿದ್ದಳು. ಅವಳ ಆರು ಹೇಂಟೆ, ಒಂದು ಹುಂಜ ಅದನ್ನೇ ತಿಂದು ಮೈಕೈ ತುಂಬಿಕೊಂಡಿದ್ದವು.

ಐದನೇ ದಿನ ಹುಂಜ ಕೂಗಲಿಲ್ಲ. ಜುಟ್ಟು ನೀಲಿಗಟ್ಟಿತ್ತು. ಸಂಜೆಗೆ ಸತ್ತಿತು. ಮರುದಿನ ಎರಡು ಹೇಂಟೆ. ಅದರ ಮರುದಿನ ಪಕ್ಕದ ಜೋಪಡಿಯಲ್ಲಿ ನಾಲ್ಕು. ಭೀಮಮ್ಮನಿಗೂ ಎರಡು ದಿನ ಕಣ್ಣು ಕೆಂಪಾಗಿ ಮೈ ಕಾದಿತ್ತು. ಗುಳಿಗೆ ನುಂಗಿ ಕೆಲಸಕ್ಕೆ ಹೋಗಿದ್ದಳು.

"ಮರಗಮ್ಮ ಬಂದಾಳ," ಎಂದಳು ಅತ್ತೆ. "ಗಡಿ ದಾಟಿಸಬೇಕು."

ಊರಲ್ಲಾದರೆ ದನಕ್ಕೋ ಕೋಳಿಗೋ ಬ್ಯಾನಿ ಬಿದ್ದಾಗ ತಾಯಿಯ ಹೆಸರಲ್ಲಿ ಒಂದು ಬುಟ್ಟಿ ಹೂಡುತ್ತಾರೆ. ಬೇವು, ಭಂಡಾರ, ಹಸಿರು ಬಳೆ, ಒಂದು ಜೀವಂತ ಕೋಳಿಮರಿ. ಊರ ಗಡಿಯಾಚೆ ಇಟ್ಟು, ಹಿಂದಿರುಗಿ ನೋಡದೆ ಬರುತ್ತಾರೆ. ಬ್ಯಾನಿ ಮುಂದಿನ ಊರಿಗೆ. ಮುಂದಿನ ಊರಿನವರು ತಮ್ಮ ಮುಂದಿನ ಊರಿಗೆ. ಆದರೆ ಠಾಣೆಯಲ್ಲಿ ಊರಿನ ಗಡಿ ಎಲ್ಲಿದೆ? ಒಂದು ಕಡೆ ಖಾಡಿ. ಗಲ್ಲಿಯ ಬಾಯಿಗೆ ಹಗಲಿರುಳೂ ಜನ ತುಳಿಯುವ ರಸ್ತೆ. ಉಳಿದ ಎರಡೂ ಕಡೆ ಸೊಸೈಟಿಯ ಗೋಡೆ. ಗೋಡೆ ದಾಟಿ ಒಳಗೆ ಹೋಗುವ ಪಾಸು ಇದ್ದದ್ದು ಗಲ್ಲಿಯಲ್ಲಿ ಒಬ್ಬಳಿಗೇ. ಮಂಗಳವಾರ ಬೆಳಗಾಗುವ ಹೊತ್ತಿಗೆ ಭೀಮಮ್ಮ ಆ ಬುಟ್ಟಿಯನ್ನು ಸೊಸೈಟಿಯ ಬಾಳೆಗಿಡದ ಬುಡದಲ್ಲಿ ಇಟ್ಟು ಬಂದಳು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಕಂಬದ ಮೇಲಿನ ಕ್ಯಾಮೆರಾ ಕಾಣುತ್ತಿತ್ತು.

ಅಷ್ಟರಲ್ಲಿ ಸೊಸೈಟಿಯ ಮರದಿಂದ ಕಾಗೆ ಬೀಳತೊಡಗಿದವು. ಯಾರೋ ಫೋನು ಮಾಡಿದರು. ಪಶು ಇಲಾಖೆಯವರು ಬಂದು ಸತ್ತ ಕಾಗೆ, ಸತ್ತ ಕೋಳಿ ಒಯ್ದರು. ನಾಲ್ಕು ದಿನಕ್ಕೆ ಹಕ್ಕಿ ಜ್ವರ ಎಂದು ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ತೊಟ್ಟವರು ಗಲ್ಲಿಗೆ ಇಳಿದರು. ಬದುಕಿದ್ದ ಕೋಳಿಗಳನ್ನೂ ಒಂದೊಂದಾಗಿ ಹಿಡಿದು ಕೊಂದರು. ಸುಣ್ಣ ಸುರಿದು ಹುಗಿದರು. ಅತ್ತೆ ಕೊನೆಯ ಹೇಂಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ಡಾಕ್ಟರ್ ಅನಘ ಎಂಬ ಹುಡುಗಿಯೇ ಬಂದು, ಪಕ್ಕದಲ್ಲಿ ಕುಳಿತು, ಮೆಲ್ಲಗೆ ಬಿಡಿಸಿಕೊಂಡಳು.

"ಕೋಳಿಗೆ ಏನು ಹಾಕ್ತಿದ್ರಿ ಮಾವಶಿ?" ಡಾಕ್ಟರ್ ಭೀಮಮ್ಮನನ್ನು ಚಿಕ್ಕಮ್ಮನೆಂದು ಕರೆದು ಮರಾಠಿಯಲ್ಲಿ ಕೇಳಿದಳು.

"ಗಾಠಿಯಾ. ಡೆಕ್ ಮೇಲೆ ಗುಡಿಸಿದ್ದು."

ಡಾಕ್ಟರ್ ಬರೆಯುವುದು ನಿಲ್ಲಿಸಿ ಅವಳನ್ನೇ ನೋಡಿದಳು. ಆಮೇಲೆ ತಿಳಿಯುವ ಹಾಗೆ ಹೇಳಿದಳು. ನೀರಿನ ಹಕ್ಕಿಗಳ ಹೊಟ್ಟೆಯಲ್ಲಿ ಈ ರೋಗದ ಹುಳು ಇರುತ್ತದೆ. ಬಾತಿಗೆ ಅದು ಎಷ್ಟೋ ಸಲ ಏನೂ ಮಾಡುವುದಿಲ್ಲ, ಅದನ್ನು ಹೊತ್ತುಕೊಂಡೇ ಸಾವಿರಾರು ಮೈಲಿ ಹಾರುತ್ತದೆ. ಒಮ್ಮೊಮ್ಮೆ ಸೀಗಲ್ಲಿನಂಥ ಹಕ್ಕಿಗಳು ಸಾಯುತ್ತವೆ. ಹುಳು ಹಿಕ್ಕೆಯಲ್ಲಿ ಬೀಳುತ್ತದೆ. ಆ ಹಿಕ್ಕೆ ಹತ್ತಿದ ನೀರೋ ಕಾಳೋ ಕೋಳಿಯ ಹೊಟ್ಟೆಗೆ ಹೋದರೆ ಕೋಳಿ ಉಳಿಯುವುದಿಲ್ಲ.

ಭೀಮಮ್ಮ ತನ್ನ ಉಡಿ ನೋಡಿಕೊಂಡಳು. ಅಂದರೆ ತಂದವಳು ತಾನೇ. ತನ್ನ ಉಡಿಯಲ್ಲೇ ಬಂದಿತ್ತು ಅದು. ಗಲ್ಲಿಯ ನಲವತ್ತು ಕೋಳಿಯ ಜೀವ ತನ್ನ ಒಂದು ಬೊಗಸೆ ಗಾಠಿಯಾಕ್ಕೆ ಹೋಯಿತು.

"ಸುತ್ತಮುತ್ತ ಬೇರೆ ಹಕ್ಕಿ ಸತ್ತದ್ದು ನೋಡಿದ್ದೀರಾ? ಕೋಳಿಗಿಂತ ಮೊದಲು?"

ಗಲ್ಲಿಯ ಬಾಯಲ್ಲಿ ರಾಯರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಭೀಮಮ್ಮ ಅವರನ್ನು ನೋಡಿದಳು, ಕೆಲಸ ನೆನೆದಳು. ಇಲ್ಲ ಎಂದಳು. ಆ ಒಂದು ಮಾತಿಗೆ ಆಮೇಲೆ ತನ್ನನ್ನೇ ತಾನು ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಎರಡು ದಿನ ಬಿಟ್ಟು ರಾಯರು ಆಫೀಸಿಗೆ ಕರೆಸಿದರು. ಟಿವಿಯಲ್ಲಿ ಅವಳನ್ನೇ ಅವಳಿಗೆ ತೋರಿಸಿದರು. ತಲೆಯ ಮೇಲೆ ಬುಟ್ಟಿ, ಬಾಳೆಗಿಡ, ಬುಟ್ಟಿಯೊಳಗೆ ಭಂಡಾರ ಮೆತ್ತಿದ ಕೋಳಿಮರಿ.

"ರೋಗದ ಕೋಳಿ ತಂದು ಸೊಸೈಟಿ ಒಳಗೆ ಇಟ್ಟಿದ್ದೀ. ಪೊಲೀಸಿಗೆ ಕೊಟ್ರೆ ಎಂತ ಆಗ್ತದೆ ಗೊತ್ತುಂಟಾ? ನಾನು ಕೊಡೂದಿಲ್ಲ. ನೀನು ನಮ್ಮವಳು." ಒಂದು ಕಾಗದ ಮುಂದೆ ತಳ್ಳಿದರು. "ನಾಳೆ ವಾರ್ಡ್ ಆಫೀಸಿನವರು, ಡಾಕ್ಟರು ಬರ್ತಾರೆ. ಅವರೆದುರು ಇದಕ್ಕೆ ಒಂದು ಸಹಿ ಹಾಕು. ಕೆಲಸ ಇರ್ತದೆ, ಕೇಸೂ ಇಲ್ಲ."

"ಏನ್ ಬರದದ ಇದರಾಗ?"

ರಾಯರು ಓದಿ ಹೇಳಿದರು. ರೋಗ ಮೊದಲು ಬಂದದ್ದು ಗಲ್ಲಿಯ ಕೋಳಿಗಳಿಗೆ. ಅವುಗಳಿಂದಲೇ ಕಾಗೆಗಳಿಗೆ, ಖಾಡಿಯ ಹಕ್ಕಿಗಳಿಗೆ ಹರಡಿತು. ಗಲ್ಲಿಯವರು ಬೇಕೆಂದೇ ಸೊಸೈಟಿಯೊಳಗೆ ರೋಗ ತಂದಿಟ್ಟರು. ಆದ್ದರಿಂದ ಗಲ್ಲಿಯನ್ನು ತೆರವು ಮಾಡಬೇಕು.

ಗೋಡೆಯ ಮೇಲೆ ಎರಡನೇ ಟವರಿನ ನಕ್ಷೆ ತೂಗುತ್ತಿತ್ತು. ಗಲ್ಲಿ ಇದ್ದ ಜಾಗದಲ್ಲಿ ಹಸಿರು ಬಣ್ಣ ಬಳಿದು ಬೆಂಚು ಬರೆದಿದ್ದರು. ಭೀಮಮ್ಮ ಆ ಬೆಂಚನ್ನು ನೋಡುತ್ತ ನಿಂತಳು. ತನ್ನ ಒಲೆ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡಿದಳು. ಬೆಂಚಿನ ಕೆಳಗೇ ಬರುತ್ತಿತ್ತು.

ಗಂಡ ಮಾಪಣ್ಣ ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೀಲ ಹೊರುವವನು. ಸಂಜೆ ಬಂದು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಎಲ್ಲ ಕೇಳಿದ.

"ಮಾಡಿಬಿಡು," ಎಂದ. "ಬುಟ್ಟಿ ಇಟ್ಟಾಕಿ ನೀನು. ಜೈಲಿಗಿ ಹೋದ್ರ ಯಾರ್ ಬಿಡಸ್ತಾರ?"

"ಸಹಿ ಮಾಡಿದ್ರ ಮನಿ ಹೋಗ್ತದ."

"ಇವತ್ತಲ್ಲ ನಾಳಿ ಹೋಗೋದ ಅದ."

"ಹೋಗ್ಲಿ. ನನ್ನ ಕೈಲೆ ಹೋಗಬಾರದು."

ಮಾಪಣ್ಣ ಎಣ್ಣೆಯ ಬೆನ್ನಿನ ಮೇಲೆ ಅಂಗಿ ಎಳೆದುಕೊಂಡ. ಅತ್ತೆ ಮೂಲೆಯಿಂದ, "ಬುಟ್ಟಿ ಇಡು ಅಂದಾಕಿ ನಾನು. ನನ್ನ ಹಿಡಕೊಂಡು ಹೋಗ್ರಿ ಅನ್ನು," ಎಂದಳು.

ಮರುದಿನ ಹನ್ನೊಂದಕ್ಕೆ ಆಫೀಸಿನಲ್ಲಿ ವಾರ್ಡಿನ ಕಾರಕೂನ ಕುಳಿತಿದ್ದ, ಡಾಕ್ಟರ್ ಅನಘ ಕುಳಿತಿದ್ದಳು. ರಾಯರು ಹೋಟೆಲಿನಿಂದ ಇಡ್ಲಿ ತರಿಸಿದ್ದರು. ಭೀಮಮ್ಮ ಬಾಗಿಲ ಬಳಿ ನಿಂತಳು. ಕುಳಿತುಕೋ ಎಂದವರಿಲ್ಲ.

"ಮೊದಲು ಏನು ಕಂಡಿತು, ಯಾವಾಗ, ಇವರ ಬಾಯಿಂದಲೇ ಕೇಳ್ತೀನಿ," ಎಂದಳು ಡಾಕ್ಟರ್.

"ಪಾಪ, ಅವಳಿಗೆ ಮರಾಠಿ ಸರಿ ಬರೂದಿಲ್ಲ ಮೇಡಂ. ನಾನು ಕೇಳಿ ಹೇಳ್ತೇನೆ," ಎಂದು ರಾಯರು ಮರಾಠಿಯಲ್ಲಿ ಹೇಳಿ, ಗಲ್ಲಿಯಲ್ಲಿ ಅವಳ ಮರಾಠಿ ಕೇಳಿದ್ದ ಡಾಕ್ಟರ್ ಬಾಯಿ ತೆರೆಯುವ ಮೊದಲೇ ಕನ್ನಡಕ್ಕೆ ತಿರುಗಿದರು. "ಹೇಳು ಭೀಮಮ್ಮ. ಬುಟ್ಟಿ ಇಟ್ಟದ್ದು ಹೌದಲ್ಲ?"

"ಹೌದು. ಇಟ್ಟೀನಿ. ಅದು ನನ್ನ ತಪ್ಪು. ಆದ್ರ ಅದಕ್ಕೂ ಮೊದಲ ಡೆಕ್ ಮ್ಯಾಲ ಹನ್ನೊಂದು ಹಕ್ಕಿ ಸತ್ತಿದ್ವು. ನೀವ ಹೇಳಿ ಹುಗಿಸಿದ್ರಿ."

ರಾಯರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಡಾಕ್ಟರ್ ಕಡೆ ತಿರುಗಿ, "ಬುಟ್ಟಿ ಇಟ್ಟದ್ದು ಒಪ್ಪಿದ್ದಾಳೆ. ಮೊದಲು ಸತ್ತದ್ದು ಕೋಳಿಗಳೇ ಅಂತಾಳೆ," ಎಂದು ಮರಾಠಿ ಮಾಡಿದರು.

ಹದಿನಾಲ್ಕು ವರ್ಷ ಠಾಣೆಯ ಇಟ್ಟಿಗೆ ಹೊತ್ತು, ಕಸ ಬಳಿದವಳಿಗೆ ಮರಾಠಿ ಬರುವುದಿಲ್ಲ ಎಂದು ರಾಯರು ಹೇಗೆ ನಂಬಿದರೋ. ಬೈಗುಳವೆಲ್ಲ ಅವಳು ಮರಾಠಿಯಲ್ಲೇ ತಿಂದದ್ದು. ಅವರ ಮಾತಿಗೆ ಇಷ್ಟು ವರ್ಷ ಅವಳು ಉತ್ತರ ಕೊಟ್ಟಿರಲಿಲ್ಲ, ಅಷ್ಟೇ.

"ಮಲಾ ಮರಾಠಿ ಯೇತೆ," ಎಂದಳು ಭೀಮಮ್ಮ. ನನಗೆ ಮರಾಠಿ ಬರುತ್ತದೆ.

ಕಾರಕೂನ ಇಡ್ಲಿಯ ಕೈ ತಡೆದು ತಲೆಯೆತ್ತಿದ. ಅವಳು ಮುಂದಿನದೆಲ್ಲ ಮರಾಠಿಯಲ್ಲೇ ಹೇಳಿದಳು. ಹರಕುಮುರುಕು ಇತ್ತು, ಅರ್ಥಕ್ಕೆ ಕೊರತೆ ಇರಲಿಲ್ಲ. ಡೆಕ್ಕಿನ ಹಕ್ಕಿಗಳು, ಬರಿಗೈ, ಗೋಣಿಚೀಲ, ಐದು ದಿನ ಬಿಟ್ಟು ಸತ್ತ ಹುಂಜ. ಅಂದು ನೀವು ಕೇಳಿದಾಗ ಇಲ್ಲ ಎಂದು ಸುಳ್ಳು ಹೇಳಿದೆ, ಕೆಲಸಕ್ಕೆ ಹೆದರಿ ಹೇಳಿದೆ ಎಂಬುದನ್ನೂ ಹೇಳಿದಳು.

"ಬರಿಗೈಯಲ್ಲಾ?" ಡಾಕ್ಟರ್ ಎದ್ದು ನಿಂತಳು. "ಜ್ವರ ಬಂದಿತ್ತಾ ಮಾವಶಿ? ಕಣ್ಣು ಕೆಂಪಾಗಿತ್ತಾ?"

ಅಷ್ಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಭೀಮಮ್ಮ ಬಂದಿತ್ತು ಎಂದು ತಲೆಯಾಡಿಸಿದಳು. ಈಗಲೇ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಮನೆಯವರನ್ನೂ ತೋರಿಸಬೇಕು, ಕೋಳಿಮರಿ ಹೊತ್ತು ತಿರುಗಿದ್ದಂತೂ ದೊಡ್ಡ ತಪ್ಪು ಎಂದು ಡಾಕ್ಟರ್ ಗದರಿಸಿದಳು. ಆ ಬೈಗುಳವನ್ನು ಭೀಮಮ್ಮ ತಲೆ ತಗ್ಗಿಸಿ ಕೇಳಿದಳು. ನ್ಯಾಯದ ಬೈಗುಳ ಅದು.

"ನನಗೇನು ಗೊತ್ತಿತ್ತು ಮೇಡಂ?" ರಾಯರು ನಡುವೆ ಬಾಯಿ ಹಾಕಿದರು. "ಹಕ್ಕಿ ಸತ್ತದ್ದು ರೋಗದಿಂದ ಅಂತ ಯಾರಿಗೆ ಗೊತ್ತು?"

ಭೀಮಮ್ಮ ಅವರತ್ತ ತಿರುಗಿದಳು. ಈಗ ಕನ್ನಡದಲ್ಲಿ.

"ನಿಮಗ ಗೊತ್ತಿತ್ತು ರಾವ್ ಸಾಹೇಬ್ರ. ಡೆಕ್ಕಿಗಿ ಬೀಗ ಹಾಕಿದ್ರಿ. ನನ್ನ ಚಹಾ ನೆಲಕ್ಕ ಇಡಿಸಿದ್ರಿ. ನಾ ನನ್ನ ಜಾತಿಗಿ ಇಟ್ರಿ ಅಂದ್ಕೊಂಡು ಕುಡದೀನಿ. ಮಕ್ಕಳಿಗಿ ಆ ಕಡಿ ಹೋಗಬ್ಯಾಡ್ರಿ ಅಂದ್ರಿ. ನನಗ್ಯಾಕ ಹೋಗು ಅಂದ್ರಿ? ನಾ ಯಾರ ಮಗಳೂ ಅಲ್ಲೇನು?"

ರಾಯರು ಇಡ್ಲಿಯ ತಟ್ಟೆ ಸರಿಸಿದರು. ಕಾರಕೂನ ಏನೆಂದಳು ಎಂದು ಕೇಳಿದ. ಈ ಸಲ ಮರಾಠಿ ಮಾಡಲು ರಾಯರಿಗೆ ಬಾಯಿ ಬರಲಿಲ್ಲ. ಭೀಮಮ್ಮನೇ ಮಾಡಿದಳು, ಒಂದು ಮಾತೂ ಬಿಡದೆ.

"ಹುಗಿದ ಜಾಗ ತೋರಿಸ್ತೀರಾ?" ಡಾಕ್ಟರ್ ಕೇಳಿದಳು.

"ತೋರಸ್ತೀನಿ. ಮೊದಲು ಬರೀರಿ." ಅವಳು ರಾಯರ ಕಾಗದವನ್ನು ಮೇಜಿನ ಮೇಲಿಂದ ತೆಗೆದು ಕಾರಕೂನನ ತಟ್ಟೆಯ ಪಕ್ಕಕ್ಕೆ ಇಟ್ಟಳು. "ಇದಕ್ಕೆ ನಾನು ಸಹಿ ಮಾಡೂದಿಲ್ಲ. ನಾ ಹೇಳಿದ್ದು ಬರೀರಿ, ಅದಕ್ಕೆ ಮಾಡ್ತೀನಿ. ಮೊದಲು ಹಕ್ಕಿ, ಆಮೇಲೆ ಕೋಳಿ. ಗಾಠಿಯಾ ತಂದವಳು ನಾನು, ಅದನ್ನೂ ಬರೀರಿ. ಬುಟ್ಟಿಯನ್ನೂ ಬರೀರಿ. ಹಕ್ಕಿಯದು ತಪ್ಪು ಅಂತ ಮಾತ್ರ ಬರೀಬ್ಯಾಡ್ರಿ. ಅದು ಹೊಟ್ಟೆಪಾಡಿಗೆ ಬಂದದ್ದು, ನಮ್ಮ ಹಾಗೇ."

ಡಾಕ್ಟರ್ ಬರೆದಳು, ಓದಿ ಹೇಳಿದಳು. ಭೀಮಮ್ಮ ಎರಡು ಕಡೆ ತಿದ್ದಿಸಿದಳು. ಆಮೇಲೆ ತನಗೆ ಬರುತ್ತಿದ್ದ ಮೂರೂವರೆ ಅಕ್ಷರವನ್ನು ಕನ್ನಡದಲ್ಲಿ ಒತ್ತಿ ಬರೆದಳು. ಕಾರಕೂನ ಸೊಸೈಟಿಯ ಅರ್ಜಿಯನ್ನು ಮಡಿಸಿ ರಾಯರಿಗೆ ಹಿಂತಿರುಗಿಸಿದ, ಇದು ಈಗ ನಡೆಯುವುದಿಲ್ಲ ಎಂದ. ಬೇರೆ ನೆಪ ಹಿಡಿದು ಬೇರೆ ಅರ್ಜಿ ನಾಳೆ ಬರುತ್ತದೆ ಎಂದು ಭೀಮಮ್ಮನಿಗೆ ಗೊತ್ತಿತ್ತು. ನಾಳೆಯದಕ್ಕೆ ನಾಳೆ ನಿಲ್ಲುವುದು.

ಪಂಪ್ ರೂಮಿನ ಹಿಂದೆ ಅವಳು ಕಾಲಿನಿಂದ ಗೆರೆ ಎಳೆದು ತೋರಿಸಿದಳು. ಇಲಾಖೆಯ ಜನ ಬರಲು ಮೂರು ತಾಸು ಹಿಡಿಯುತ್ತದೆ, ಯಾರೂ ಮುಟ್ಟುವ ಮೊದಲೇ ತೆಗೆಯಬೇಕು ಎಂದು ಡಾಕ್ಟರ್ ಕಾರಿನಿಂದ ಎರಡು ಬಿಳಿ ಸೂಟು ತಂದಳು. ಮೇಲಿನ ಬಾಲ್ಕನಿಗಳಲ್ಲಿ ಜನ ಕೂಡಿದರು. ವಾಚ್‌ಮನ್ ಸಲಿಕೆ ತಂದ. ಯಾರೂ ಹೇಳಿರಲಿಲ್ಲ, ನೇರ ತಂದು ಭೀಮಮ್ಮನ ಮುಂದೆ ಹಿಡಿದ. ಎಲ್ಲರ ಕಣ್ಣೂ ಅವಳ ಕೈಯ ಮೇಲೆಯೇ ಇತ್ತು.

ಅವಳು ಕೈ ಕಟ್ಟಿ ನಿಂತಳು.

"ಒಂದು ಸೂಟು ಅವಳಿಗೆ ಕೊಡಿ ಮೇಡಂ," ಎಂದರು ರಾಯರು. "ಅವಳಿಗೆ ಅಭ್ಯಾಸ ಉಂಟು."

"ಅಭ್ಯಾಸ ಅದ," ಎಂದಳು ಭೀಮಮ್ಮ. "ಅದಕ್ಕ ಒಲ್ಲೆ."

ವಾಚ್‌ಮನ್ ಸಲಿಕೆಯನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದ. ಕಾರಕೂನ ಫೋನು ನೋಡತೊಡಗಿದ. ಡಾಕ್ಟರ್ ಅನಘ ಒಂದು ಸೂಟಿನೊಳಗೆ ತಾನು ಇಳಿದು, ಚೈನು ಎಳೆದುಕೊಂಡು, ಇನ್ನೊಂದನ್ನು ರಾಯರ ಕಡೆ ಚಾಚಿದಳು. ಹುಗಿಸಿದವರು ನೀವಲ್ಲವೇ ಎಂದಳು. ರಾಯರು ಸುತ್ತ ನೋಡಿದರು. ಬಾಲ್ಕನಿಯಿಂದ ಯಾರೂ ಇಳಿದು ಬರಲಿಲ್ಲ. ಅವರು ಸೂಟಿಗೆ ಮೊದಲು ತಪ್ಪು ಕಾಲು ಹಾಕಿದರು, ತೆಗೆದು ಮತ್ತೆ ಹಾಕಿದರು. ಗ್ಲೌಸು ತೊಟ್ಟರು. ಕಲ್ಲು ಸರಿಸಿದರು. ನಾಲ್ಕು ಸಲ ಸಲಿಕೆ ಹಾಕುವಷ್ಟರಲ್ಲಿ ಏದುಸಿರು ಬಿಡತೊಡಗಿದರು. ಸಲಿಕೆ ಸಿಮೆಂಟಿಗೆ ಬಡಿದು ಖಣ್ಣೆಂದಿತು.

"ಇಲ್ಲಿ ಏನೂ ಇಲ್ಲ," ಎಂದರು, ಬಗ್ಗಿದ ಬೆನ್ನು ಎತ್ತಲಾರದೆ.

"ಕೆಳಗ ಅದಾವ," ಎಂದಳು ಭೀಮಮ್ಮ. "ತೋಡ್ರಿ."